ಹಾಲಿನ ಪುಸ್ತಕದ ಪಕ್ಕದಲ್ಲಿ ಸಗಣಿಯ ಪುಸ್ತಕ

(ಹುಳಿಮಾವಿನಲ್ಲಿ ಸೇರಿದ್ದ ಹಾಲು ಉತ್ಪಾದಕರ ಸಹಕಾರ ಸಂಘಗಳ ಆಡಳಿತ ಮಂಡಳಿ ಸದಸ್ಯರು, ಕಾರ್ಯದರ್ಶಿಗಳು ಹಾಗೂ ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪರಿಸರಕ್ಕೆ ಹೊಣೆಯಾಗಿ ಉದ್ಯಮ ನಡೆಸುವ ಬಗ್ಗೆ ವ್ಯವಸ್ಥಾಪಕರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ವ್ಯವಸ್ಥಾಪಕರು ಎಂದ ಕೂಡಲೇ ದೊಡ್ಡ ಕಾರ್ಖಾನೆಯ ಕುರ್ಚಿ ನೆನಪಾಗುತ್ತದೆ. ನಾಲ್ಕು ಮಿಶ್ರತಳಿ ರಾಸು ಕಟ್ಟಿಕೊಂಡು, ಮೇವು ಹೊಂದಿಸಿ, ಪಶು ಆಹಾರದ ಚೀಲಕ್ಕೆ ಹಣ ಹೊಂದಿಸಿ, ಬೆದೆ ಗುರುತಿಸಿ, ಬಟವಾಡೆಯ ದಿನ ಸಾಲದ ಕಂತು ಕಟ್ಟುವ ತಾಯಿ ಯಾವ ವ್ಯವಸ್ಥಾಪಕರಿಗೂ ಕಡಿಮೆಯಲ್ಲ. ದಿನಕ್ಕೆ ಎರಡು ಹೊತ್ತು ನೂರಾರು ಕ್ಯಾನು, ಚೊಂಬುಗಳ ಹಾಲನ್ನು ಅಳೆದು, ಪರೀಕ್ಷಿಸಿ, ದಾಖಲೆ ಮಾಡುವ ನಮ್ಮ ಕಾರ್ಯದರ್ಶಿಯೂ ಹಾಗೆಯೇ. ಆದ್ದರಿಂದ ಈ ಮಾತುಗಳೆಲ್ಲ ನಿಮಗೇ.

ಕಾರ್ಯದರ್ಶಿಗಳನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಸಂಘದಲ್ಲಿ ನಿನ್ನೆ ಸಂಜೆ ಎಷ್ಟು ಲೀಟರ್ ಹಾಲು ಬಂತು, ಜಿಡ್ಡಿನಂಶ ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂದರೆ ಪುಸ್ತಕ ತೆರೆದು ಕೂಡಲೇ ಹೇಳುತ್ತೀರಿ. ಅದೇ ಸದಸ್ಯರ ಕೊಟ್ಟಿಗೆಗಳಿಂದ ನಿನ್ನೆ ಎಷ್ಟು ಸಗಣಿ ಹೊರಬಿತ್ತು, ಅದು ಎಲ್ಲಿಗೆ ಹೋಯಿತು ಎಂದರೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. 400 ಕಿಲೋ ತೂಗುವ ಒಂದು ಹಸು ದಿನಕ್ಕೆ 15 ರಿಂದ 20 ಕಿಲೋ ಸಗಣಿ ಹಾಕುತ್ತದೆ. ಹತ್ತು ಲೀಟರ್ ಹಾಲು ಕೊಡುವ ಹಸುವಿನಲ್ಲಿ ಹಾಲಿಗಿಂತ ಸಗಣಿಯೇ ಹೆಚ್ಚು. ಗಂಜಲ ಬೇರೆ, ಕೊಟ್ಟಿಗೆ ತೊಳೆದ ನೀರು ಬೇರೆ. ಉದ್ಯಮದಿಂದ ಹೊರಬರುವ ವಸ್ತುವಿನಲ್ಲಿ ಹೆಚ್ಚಿನ ಪಾಲಿಗೆ ಲೆಕ್ಕವೇ ಇಲ್ಲದಿದ್ದರೆ ಅದನ್ನು ವ್ಯವಸ್ಥೆ ಎನ್ನಲು ಬರುವುದಿಲ್ಲ.

ಹಳೆಯ ಕಾಲದಲ್ಲಿ ಈ ಲೆಕ್ಕ ಬೇಕಿರಲಿಲ್ಲ. ಹುಳಿಮಾವು, ಅರೆಕೆರೆ, ಗೊಟ್ಟಿಗೆರೆ ಕಡೆ ಮನೆಯ ಹಿಂದೆ ತಿಪ್ಪೆ, ತಿಪ್ಪೆಯ ಆಚೆ ಹೊಲ. ಯುಗಾದಿ ಕಳೆದ ಮೇಲೆ ಗಾಡಿ ಕಟ್ಟಿ ಗೊಬ್ಬರ ಹೊಡೆದರೆ ಮುಗಿಯಿತು. ಈಗ ಹೊಲ ಬಡಾವಣೆಯಾಗಿದೆ, ತಿಪ್ಪೆಯ ಜಾಗದಲ್ಲಿ ಬಾಡಿಗೆ ಮನೆ ಎದ್ದಿದೆ. ರಾಸು ಮಾತ್ರ ಹಾಗೆಯೇ ಉಳಿದಿದೆ, ಸಗಣಿಯೂ ಅಷ್ಟೇ ಬೀಳುತ್ತಿದೆ. ಪೈಪು ಹಿಡಿದು ಐದು ನಿಮಿಷ ನೀರು ಬಿಟ್ಟರೆ ಕೊಟ್ಟಿಗೆ ಥಳಥಳ ಹೊಳೆಯುತ್ತದೆ. ಸಗಣಿ ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಕಣ್ಣಿಗೆ ಕಾಣದಿದ್ದ ಮೇಲೆ ಕೆಲಸ ಮುಗಿಯಿತು ಎಂದು ತಿಳಿಯುತ್ತೇವೆ.

ಕೆರೆಗೆ ಅದರಿಂದ ಏನಾಗುತ್ತದೆ ಎಂಬುದನ್ನು ಹಾಲಿನ ಉದಾಹರಣೆಯಿಂದಲೇ ವಿವರಿಸುತ್ತೇನೆ. ನೀರಿಗೆ ಸೇರಿದ ಯಾವ ಕೊಳೆಯುವ ವಸ್ತುವನ್ನೂ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ. ಆ ಕೆಲಸಕ್ಕೆ ಅವು ನೀರಿನಲ್ಲಿರುವ ಆಮ್ಲಜನಕವನ್ನು ಬಳಸುತ್ತವೆ. ಒಂದು ಲೀಟರ್ ಕೊಳಕಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಬಿ.ಓ.ಡಿ. ಎನ್ನುತ್ತಾರೆ. ಮನೆಗಳ ಒಳಚರಂಡಿ ನೀರಿನಲ್ಲಿ ಇದು ಲೀಟರಿಗೆ ಸುಮಾರು 300 ಮಿಲಿಗ್ರಾಂ. ಸಗಣಿ ಬಗ್ಗಡದಲ್ಲಿ 10,000 ದಿಂದ 20,000. ಹಾಲಿನಲ್ಲಿ ಒಂದು ಲಕ್ಷಕ್ಕೂ ಮೇಲೆ! ಒಳ್ಳೆಯ ಕೆರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕವಾದರೋ ಸುಮಾರು 8 ಮಿಲಿಗ್ರಾಂ. ಗುಣಿಸಿ ನೋಡಿ. ಮೋರಿಗೆ ಚೆಲ್ಲಿದ ಒಂದು ಲೀಟರ್ ಹುಳಿ ಹಾಲು ಹನ್ನೆರಡು ಸಾವಿರ ಲೀಟರ್ ಕೆರೆ ನೀರಿನ ಉಸಿರು ತೆಗೆಯಬಲ್ಲದು. ನಮ್ಮ ಬಡಾವಣೆಗಳಿಗೆ ಬರುವ ನೀರಿನ ಟ್ಯಾಂಕರುಗಳಲ್ಲಿ ಅದು ಎರಡು ಟ್ಯಾಂಕರ್. ಮನುಷ್ಯನಿಗೆ ಅಮೃತವಾದದ್ದು ಮೀನಿಗೆ ವಿಷಕ್ಕೆ ಸಮ.

ಹುಳಿಮಾವಿನ ಕೆರೆಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2019ರ ನವೆಂಬರ್ 24, ಭಾನುವಾರ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಸಾಮಾನು ಸರಂಜಾಮು ಕಳೆದುಕೊಂಡವರು ಈ ಸಭೆಯಲ್ಲೂ ಇರಬಹುದು. ಏರಿ ಒಡೆದದ್ದಕ್ಕೆ ಹಸು ಸಾಕುವವರು ಕಾರಣರಲ್ಲ. ಆದರೆ ಮನೆಯ ನಡುಮನೆಯವರೆಗೂ ಬಂದ ಆ ನೀರು ಎಂಥ ನೀರು ಎಂಬುದನ್ನು ಅಂದು ಎಲ್ಲರೂ ಮೂಗಿನಿಂದಲೇ ತಿಳಿದರು. ನಾವೆಲ್ಲರೂ ವರ್ಷಗಟ್ಟಲೆ ಕಳುಹಿಸಿದ್ದು ಒಂದೇ ದಿನ ತಿರುಗಿ ಬಂದಂತಾಯಿತು.

ಇಲ್ಲಿಂದ ಹೊರಟ ನೀರು ಮಡಿವಾಳ, ಅಗರ ಕೆರೆಗಳ ದಾರಿಯಲ್ಲಿ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನೂ, 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ಪತ್ರಿಕೆಗಳಲ್ಲಿ ಓದಿದ್ದೀರಿ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಆಗಿನ ಬಿ.ಬಿ.ಎಂ.ಪಿ.ಗೆ 25 ಕೋಟಿ ರೂಪಾಯಿ ದಂಡ ಹಾಕಿತು.

ಇಲ್ಲಿ ನೀವು ಒಂದು ಮಾತು ಹೇಳುತ್ತೀರಿ, ನಾನು ಹೋದ ಕಡೆಯೆಲ್ಲ ಕೇಳಿದ್ದೇನೆ: "ಸಾರ್, ಇಷ್ಟೊಂದು ಅಪಾರ್ಟ್‌ಮೆಂಟಿನವರು ಬಿಡುವ ಕೊಳಚೆಯ ಮುಂದೆ ನಮ್ಮ ನಾಲ್ಕು ಹಸುವಿನ ಸಗಣಿ ಯಾವ ಲೆಕ್ಕ?" ಮಾತು ಸುಳ್ಳಲ್ಲ. ನಗರದ ಕೆರೆಗಳು ಕೆಟ್ಟದ್ದು ಮುಖ್ಯವಾಗಿ ಸಂಸ್ಕರಿಸದ ಒಳಚರಂಡಿ ನೀರಿನಿಂದ, ಸಾಬೂನು ಪುಡಿಯ ರಂಜಕದಿಂದ. ಆದರೂ ಎರಡು ವಿಷಯ ಯೋಚಿಸಿ. ಅಪಾರ್ಟ್‌ಮೆಂಟಿನ ಪೈಪು ನೆಲದ ಕೆಳಗೆ ಹೋಗುತ್ತದೆ, ನಮ್ಮ ಸಗಣಿ ನೀರು ರಸ್ತೆ ಬದಿಯ ತೆರೆದ ಮೋರಿಯಲ್ಲಿ ಹಸಿರಾಗಿ ಹರಿಯುತ್ತದೆ. ತಪಾಸಣೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಯಾವುದು? ಇನ್ನೊಂದು, ಆ ಸಗಣಿ ನೀರು ಬೇರೆಯವರಿಗಿಂತ ಮೊದಲು ನಮ್ಮ ಕೊಟ್ಟಿಗೆಗೇ ಹಿಂದಿರುಗಿ ಬರುತ್ತದೆ. ಪಶುವೈದ್ಯನಾಗಿ ನಾನು ಒತ್ತಿ ಹೇಳಬೇಕಾದದ್ದು ಇದನ್ನೇ.

ಕೆರೆಯಂಗಳದ ಹಸಿರು ಹುಲ್ಲನ್ನು ಕೊಯ್ದು ಹಸುವಿಗೆ ಹಾಕುವ ರೂಢಿ ಬೆಂಗಳೂರಿನ ಸುತ್ತ ಇದೆ. ಹಣ ಕೊಡಬೇಕಿಲ್ಲ, ಬೇಸಗೆಯಲ್ಲೂ ಸಿಗುತ್ತದೆ. ಈ ಹುಲ್ಲಿನಲ್ಲಿ ಬರುವ ಒಂದು ಜಂತುವಿನ ಜೀವನ ನೋಡಿ. ಪಿತ್ತಕೋಶದ ಚಪ್ಪಟೆ ಹುಳು ಇರುವ ಹಸುವಿನ ಸಗಣಿಯಲ್ಲಿ ಅದರ ಮೊಟ್ಟೆಗಳಿರುತ್ತವೆ. ಸಗಣಿ ಒಣಗಿದರೆ ಅಥವಾ ಗೊಬ್ಬರದ ಗುಂಡಿಯಲ್ಲಿ ಚೆನ್ನಾಗಿ ಕಾವು ಬಂದರೆ ಮೊಟ್ಟೆ ಸಾಯುತ್ತದೆ. ಮೋರಿಯ ಮೂಲಕ ಕೆರೆಗೆ ಹೋದರೆ ಮೊಟ್ಟೆಯೊಡೆದು ಮರಿ ಹೊರಬಂದು ನೀರಿನ ಶಂಖದ ಹುಳುವಿನೊಳಗೆ ಸೇರಿ, ಅಲ್ಲಿ ನೂರಾರಾಗಿ ಬೆಳೆದು, ಹೊರಬಂದು ಹುಲ್ಲಿನ ಎಲೆಗೆ ಅಂಟಿಕೊಂಡು ಕೂರುತ್ತದೆ. ಆ ಹುಲ್ಲನ್ನು ನೀವು ತಲೆಯ ಮೇಲೆ ಹೊತ್ತು ತಂದು ಗೋದಲಿಗೆ ಹಾಕುತ್ತೀರಿ. ಹಸು ಬಡವಾಗುತ್ತದೆ, ಹಾಲು ಇಳಿಯುತ್ತದೆ, ಭೇದಿಯಾಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಜೋಲುತ್ತದೆ. ಔಷಧಿ ಕುಡಿಸಿದರೆ ಗುಣವಾಗುತ್ತದೆ. ಮತ್ತೆ ಸಗಣಿ ಮೋರಿಗೆ, ಮತ್ತೆ ಹುಲ್ಲು ಕೆರೆಯಿಂದ. ವರ್ಷಕ್ಕೆ ಮೂರು ಸಲ ಔಷಧಿ ಕುಡಿಸಿದರೂ ವಾಸಿಯಾಗದ ರಾಸು ಕಂಡರೆ ನಾನು ಔಷಧಿಯ ಹೆಸರು ಕೇಳುವ ಮೊದಲು ಮೇವು ಎಲ್ಲಿಂದ, ಸಗಣಿ ಎಲ್ಲಿಗೆ ಎಂದು ಕೇಳುತ್ತೇನೆ.

ಜಂತುವಿಗಾದರೂ ಔಷಧಿ ಇದೆ. ನಗರದ ಕೊಳಚೆ ನೀರಿನಲ್ಲಿ ಬೆಳೆದ ಹುಲ್ಲು, ಸೊಪ್ಪು, ಜಲಕಳೆಗಳಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂತಹ ಭಾರ ಲೋಹಗಳು ಸೇರಿರುವುದನ್ನು ವಿಜ್ಞಾನಿಗಳು ಪರೀಕ್ಷೆಗಳಿಂದ ಕಂಡುಕೊಂಡಿದ್ದಾರೆ. ಕುದಿಸಿದರೆ ಹೋಗುವ ವಸ್ತುಗಳಲ್ಲ ಇವು. ಹಸುವಿನ ಶರೀರದಲ್ಲಿ ಸೇರಿ, ಸ್ವಲ್ಪ ಭಾಗ ಹಾಲಿನಲ್ಲೂ ಬರುತ್ತವೆ. ಆ ಹಾಲನ್ನು ಮೊದಲು ಕುಡಿಯುವವರು ನಮ್ಮ ಮನೆಯ ಮಕ್ಕಳು. ದಯವಿಟ್ಟು ಕಾರ್ಖಾನೆ ನೀರು, ಚರಂಡಿ ನೀರು ಸೇರುವ ಕೆರೆಯ ಮೇವನ್ನು ತರಬೇಡಿ.

ಈಗ ಹೊರಗಿನ ಒಂದು ಉದಾಹರಣೆ. ನಮ್ಮ ಎಚ್.ಎಫ್. ತಳಿಯ ತವರು ಹಾಲೆಂಡ್ ಸೀಮೆ. ಹಾಲಿನಲ್ಲಿ ಅವರನ್ನು ಮೀರಿಸುವವರು ಕಡಿಮೆ. ಅಲ್ಲಿ ರಾಸು ಹೆಚ್ಚಿ, ಅದರ ಗೊಬ್ಬರವನ್ನು ಹಿಡಿಸುವಷ್ಟು ನೆಲವಿಲ್ಲದೆ ನೀರು ಕೆಟ್ಟಿತು. 2018ರ ಜನವರಿಯಿಂದ ಸರ್ಕಾರವು ಸಗಣಿಯಲ್ಲಿರುವ ರಂಜಕದ ಲೆಕ್ಕ ಹಾಕಿ, ಇಷ್ಟು ಹಕ್ಕಿದ್ದರೆ ಇಷ್ಟೇ ಹಸು ಎಂದು ಮಿತಿ ಹಾಕಿತು. ಚೆನ್ನಾಗಿ ಹಾಲು ಕೊಡುವ ಹಸುಗಳನ್ನೂ ರೈತರು ಕೈಬಿಡಬೇಕಾಯಿತು. 2019ರಲ್ಲಿ ಸಾರಜನಕದ ವಿಷಯದಲ್ಲಿ ನ್ಯಾಯಾಲಯದ ತೀರ್ಪು ಬಂದ ಮೇಲೆ ಸಾವಿರಾರು ರೈತರು ಟ್ರ್ಯಾಕ್ಟರ್ ಏರಿ ಸರ್ಕಾರವಿರುವ ಹೇಗ್ ನಗರದ ಕಡೆಗೆ ಹೋದರು. ಹಾಲಿನ ಲೆಕ್ಕದಲ್ಲಿ ಅಷ್ಟು ನಿಪುಣರಾದವರೇ ಸಗಣಿಯ ಲೆಕ್ಕದಲ್ಲಿ ಸಿಕ್ಕಿಬಿದ್ದರು. ನಮ್ಮಲ್ಲೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೈನು ಕೊಟ್ಟಿಗೆಗಳು ಮತ್ತು ಗೋಶಾಲೆಗಳಿಗೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿ 2021ರಲ್ಲಿ ಪರಿಷ್ಕರಿಸಿದೆ. ಸಗಣಿ, ಕೊಟ್ಟಿಗೆ ನೀರು ಚರಂಡಿಗೆ ಹೋಗಬಾರದು, ಗೊಬ್ಬರವೋ ಗ್ಯಾಸೋ ಆಗಬೇಕು ಎಂಬುದು ಅದರ ತಿರುಳು. ಕಾನೂನು ಬಾಗಿಲಿಗೆ ಬಂದ ದಿನ ಕಲಿಯಲು ಕುಳಿತರೆ ಕಾಲ ಮೀರಿರುತ್ತದೆ. ಬಡಾವಣೆಯ ಮಧ್ಯೆ ಇರುವ ಕೊಟ್ಟಿಗೆಗಳ ಮೇಲೆ ಅಕ್ಕಪಕ್ಕದವರ ದೂರು ಈಗಾಗಲೇ ಇದೆ. ಹಸು ಇಲ್ಲಿರಬೇಕೋ ಬೇಡವೋ ಎಂಬುದು ಮುಂದೆ ಈ ಮೋರಿಯ ಮೇಲೆಯೇ ತೀರ್ಮಾನವಾದೀತು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಕ್ಕೆ ಖರ್ಚಿಲ್ಲ. ನೀರಿನ ಪೈಪು ಮುಟ್ಟುವ ಮೊದಲು ಸಗಣಿಯನ್ನು ಮಂಕರಿಗೆ ಎತ್ತಿ, ಸಲಿಕೆಯಿಂದ ನೆಲ ಕೆರೆಯಿರಿ, ತೆಂಗಿನ ಪೊರಕೆಯಿಂದ ಗುಡಿಸಿ. ಆಮೇಲೆ ನೀರು ಹಾಕಿ. ತೊಳೆಯುವ ನೀರು ಅರ್ಧಕ್ಕರ್ಧ ಉಳಿಯುತ್ತದೆ. ಟ್ಯಾಂಕರ್ ನೀರು ಕೊಳ್ಳುವವರಿಗೆ ಇದರ ಬೆಲೆ ಹೇಳಬೇಕಿಲ್ಲ. ನೆಲ ಒಣಗಿದ್ದರೆ ಕೆಚ್ಚಲು ಬಾವು ಕಡಿಮೆ, ಗೊರಸು ಕೊಳೆಯುವುದೂ ಕಡಿಮೆ. ಹೊಸದಾಗಿ ನೆಲ ಹಾಕಿಸುವವರು 40 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಇಟ್ಟು, ಹಿಂದೆ ಅಗಲವಾದ, ಆಳವಿಲ್ಲದ ಗಂಜಲದ ಕಾಲುವೆ ಮಾಡಿ, ಅದರ ಕೊನೆಯನ್ನು ಗೊಬ್ಬರದ ಗುಂಡಿಗೆ ಕೂಡಿಸಿ. ಹಸು ಬಿಟ್ಟ ರಾಗಿ ಹುಲ್ಲಿನ ಕಡ್ಡಿ, ಒಣ ಎಲೆ, ಮರದ ಹೊಟ್ಟು ಹಾಸಿದರೆ ಗಂಜಲವನ್ನು ಅದೇ ಹೀರಿಕೊಳ್ಳುತ್ತದೆ. ಗೊಬ್ಬರಕ್ಕೆ ಬೇಕಾದ ಸಾರಜನಕ ಬಹುಪಾಲು ಗಂಜಲದಲ್ಲೇ ಇದೆ. ನಾವು ಅದನ್ನು ಮೋರಿಗೆ ಬಿಟ್ಟು ಅಂಗಡಿಯಲ್ಲಿ ಯೂರಿಯಾ ಕೊಳ್ಳುತ್ತೇವೆ.

ಜಾಗ ಇರುವವರಿಗೆ ಗೋಬರ್ ಗ್ಯಾಸ್ ಒಳ್ಳೆಯದು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಮೂರು ನಾಲ್ಕು ಹಸು ಸಾಕು. ತಿಂಗಳಿಗೆ ಒಂದೂವರೆ ಸಿಲಿಂಡರಿನಷ್ಟು ಅನಿಲ ಎಂದು ಕಾಗದದ ಮೇಲೆ ಬರುತ್ತದೆ, ಮಾಗಿ ಚಳಿಯಲ್ಲಿ ಕಡಿಮೆಯಾಗುತ್ತದೆ. ಆದರೆ ಒಂದು ತಪ್ಪು ತಿಳುವಳಿಕೆ ಬಹಳ ಕಡೆ ಇದೆ. ಗ್ಯಾಸ್ ಘಟಕ ಸಗಣಿಯನ್ನು ನುಂಗಿಬಿಡುತ್ತದೆ ಎಂದು ತಿಳಿಯುತ್ತಾರೆ. ಒಳಗೆ ನೂರು ಕಿಲೋ ಹಾಕಿದರೆ ಹೊರಗೆ ಹೆಚ್ಚುಕಡಿಮೆ ಅಷ್ಟೇ ಬಗ್ಗಡ ಬರುತ್ತದೆ, ಗೊಬ್ಬರದ ಸತ್ವವೆಲ್ಲ ಅದರಲ್ಲೇ ಉಳಿದಿರುತ್ತದೆ. ಆ ಬಗ್ಗಡವನ್ನು ಮೋರಿಗೆ ಬಿಡುವ ಘಟಕವನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಅಡುಗೆಗೆ ಲಾಭ, ಕೆರೆಗೆ ಅದೇ ಗತಿ. ಹಾಗೆಯೇ ಕೆಟ್ಟ ಘಟಕದ ಗುಂಡಿಗೆ ಯಾರೂ ಇಳಿಯಬೇಡಿ. ಅದರೊಳಗಿನ ವಿಷಾನಿಲ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರನ್ನೂ ಬಲಿ ತೆಗೆದುಕೊಳ್ಳುತ್ತದೆ.

ಇನ್ನು ಸಂಘದ ಕಟ್ಟಡಕ್ಕೆ ಬರೋಣ. ಒಡೆದ ಹಾಲು, ತಿರಸ್ಕೃತ ಹಾಲು, ಕ್ಯಾನಿನ ಮೊದಲ ತೊಳೆತ ಇವುಗಳನ್ನು ಮೋರಿಗೆ ಹಾಕದೆ ಗೊಬ್ಬರದ ಗುಂಡಿಗೆ ಸುರಿಯಿರಿ. ಜಿಡ್ಡು ಪರೀಕ್ಷೆಗೆ ಇನ್ನೂ ಗರ್ಬರ್ ವಿಧಾನ ಬಳಸುವ ಕಡೆ ಒಂದು ಮಾದರಿಗೆ 10 ಮಿ.ಲೀ. ಗಂಧಕಾಮ್ಲ ಬೇಕು. ನೂರು ಸದಸ್ಯರಿದ್ದರೆ ಎರಡು ಹೊತ್ತಿಗೆ ಎರಡು ಲೀಟರ್ ಆಮ್ಲ. ಅದನ್ನು ಹಾಗೆಯೇ ಚೆಲ್ಲಬಾರದು. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣದ ತಿಳಿ ಇಟ್ಟು ನಿಧಾನವಾಗಿ ಅದಕ್ಕೆ ಸೇರಿಸಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು, ಮುಖಕ್ಕೆ ಸಿಡಿಯುತ್ತದೆ. ಶೀತಲೀಕರಣ ಘಟಕವಿರುವ ಸಂಘಗಳಲ್ಲಿ ತೊಳೆಯುವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಬಕೀಟಿನಲ್ಲಿ ಎಂದೂ ಸೇರಿಸಬೇಡಿ.

ಔಷಧಿಯ ವಿಷಯ. ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಔಷಧಿಯ ಚೀಟಿಯಲ್ಲಿ ಬರೆದಷ್ಟು ದಿನ ಸಂಘಕ್ಕೆ ತರಬಾರದು. ಚೀಟಿಯಲ್ಲಿ ಇಲ್ಲದಿದ್ದರೆ ಏಳು ದಿನ ಎಂದು ನಿಯಮವೇ ಇದೆ. ಆ ಹಾಲನ್ನು ಕರುವಿಗೂ ಕುಡಿಸಬೇಡಿ, ಮೋರಿಗೂ ಚೆಲ್ಲಬೇಡಿ. ಮನೆ ಬಾವಿಯಿಂದ ದೂರ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಚುಚ್ಚುಮದ್ದು ಪಶುಗಳಿಗೆ 2006ರಿಂದ ನಿಷೇಧ. ಆ ಔಷಧಿ ಪಡೆದು ಸತ್ತ ರಾಸನ್ನು ತಿಂದ ರಣಹದ್ದುಗಳು ದೇಶದಲ್ಲೆಲ್ಲ ಸತ್ತವು. ನಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಪಶುಗಳಿಗೆ ನಿಷೇಧವಾದವು. ನೋವಿಗೆ ಮೆಲಾಕ್ಸಿಕ್ಯಾಮ್ ಸಾಕು. ಮನುಷ್ಯರ ಔಷಧಿ ಅಂಗಡಿಯಿಂದ ತಂದು ಚುಚ್ಚಿಸುವ ಅಭ್ಯಾಸ ಬಿಡಿ.

ಹಸುವಿನ ತೇಗಿನಲ್ಲಿ ಬರುವ ಮೀಥೇನ್ ಭೂಮಿಯನ್ನು ಬಿಸಿ ಮಾಡುತ್ತದೆ ಎಂಬ ಸುದ್ದಿ ಕೇಳಿ ಕೆಲವರು ನಗುತ್ತಾರೆ. ಸುದ್ದಿ ನಿಜ. ಆದರೆ ಆ ಮೀಥೇನ್ ನೀವು ಕೊಂಡ ಮೇವಿನ ಶಕ್ತಿಯೇ ಹಾಲಾಗದೆ ಗಾಳಿಗೆ ಹೋದದ್ದು. ಬರೀ ರಾಗಿ ಹುಲ್ಲು ತಿಂದ ಹಸುವಿನಲ್ಲಿ ಈ ನಷ್ಟ ಹೆಚ್ಚು. ಹಸಿರು ಮೇವು, ಸಮತೋಲ ಪಶು ಆಹಾರ, ಖನಿಜ ಮಿಶ್ರಣ ಕೊಟ್ಟಲ್ಲಿ ಲೀಟರ್ ಹಾಲಿಗೆ ನಷ್ಟ ಕಡಿಮೆ. ನಮ್ಮ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಇದಕ್ಕಾಗಿ 'ಹರಿತ್ ಧಾರಾ' ಎಂಬ ಆಹಾರ ಪೂರಕವನ್ನು ಸಿದ್ಧಪಡಿಸಿದ್ದಾರೆ. ಆರು ಲೀಟರಿನ ಎರಡು ಹಸುವಿಗಿಂತ ಹನ್ನೆರಡು ಲೀಟರಿನ ಒಂದು ಹಸು ಕೆರೆಗೂ ಒಳ್ಳೆಯದು, ಗಾಳಿಗೂ ಒಳ್ಳೆಯದು, ನಿಮ್ಮ ಬೆನ್ನಿಗೂ ಒಳ್ಳೆಯದು.

ಕೊನೆಗೆ ಉಳಿದದ್ದು ಕಷ್ಟದ ಪ್ರಶ್ನೆ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ, ಅದರ ಪಕ್ಕದಲ್ಲೇ ಐದು ಹಸು. ಗುಂಡಿಗೆ ಜಾಗವಿಲ್ಲ, ಹೊಲವಿಲ್ಲ. ಅಂಥವರಿಗೆ ಗೊಬ್ಬರ ಮಾಡಿ ಎಂದು ಉಪದೇಶ ಮಾಡಿ ಹೊರಟುಹೋಗುವುದು ನ್ಯಾಯವಲ್ಲ. ಒಬ್ಬರ ಕೈಯಲ್ಲಿ ಆಗದ ಈ ಕೆಲಸವನ್ನು ಸಂಘ ಮಾಡಬೇಕು. ಒಬ್ಬರ ಎರಡು ಲೀಟರ್ ಹಾಲನ್ನು ಪೇಟೆಗೆ ಒಯ್ಯುವುದೂ ಒಂದು ಕಾಲದಲ್ಲಿ ಆಗದ ಕೆಲಸವೇ ಆಗಿತ್ತು. ಗುಜರಾತಿನ ಆಣಂದ ಜಿಲ್ಲೆಯ ಮುಜ್ಕುವಾ ಗ್ರಾಮದಲ್ಲಿ ಹೆಂಗಸರೇ ಸಗಣಿ ಗೊಬ್ಬರದ ಸಹಕಾರ ಸಂಘ ಕಟ್ಟಿಕೊಂಡರು. ಮನೆಮನೆಯ ಗ್ಯಾಸ್ ಘಟಕದ ಬಗ್ಗಡವನ್ನು ಸಂಘ ಗುಣ ನೋಡಿ ದರ ಕೊಟ್ಟು ಕೊಳ್ಳುತ್ತದೆ, ಗೊಬ್ಬರ ಮಾಡಿ ಮಾರುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇದಕ್ಕೆ ಬೆಂಬಲ ಕೊಟ್ಟಿತು. ಅದೇ ರಾಜ್ಯದ ಬನಾಸ್ ಡೇರಿಯು ಕಿಲೋಗೆ ಒಂದು ರೂಪಾಯಿಯಂತೆ ಸಗಣಿ ಕೊಂಡು ವಾಹನಗಳಿಗೆ ಅನಿಲ ಮಾಡುವ ಘಟಕ ನಡೆಸಿದೆ.

ನಮಗೆ ಕೂಡಲೇ ಅಷ್ಟು ದೊಡ್ಡದು ಬೇಡ. ಆನೇಕಲ್, ಜಿಗಣಿ, ಕನಕಪುರ ರಸ್ತೆ ಕಡೆ ರಾಗಿ, ತರಕಾರಿ, ಹೂವು ಬೆಳೆಯುವವರಿಗೆ ಗೊಬ್ಬರ ಬೇಕು. ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಎಂದು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು. ಹತ್ತು ಹಸುವಿನ ವರ್ಷದ ಸಗಣಿ ಐವತ್ತು ಟನ್ನಿಗೂ ಮೇಲೆ. ಕೊಳೆತು ಅರ್ಧಕ್ಕಿಂತ ಕಡಿಮೆಯಾದರೂ ಏಳು ಎಂಟು ಎಕರೆಗೆ ಸಾಕು. ಕೊಳ್ಳುವವರು ಅಲ್ಲಿದ್ದಾರೆ, ಸಗಣಿ ಇಲ್ಲಿದೆ, ನಡುವೆ ಒಂದು ಟ್ರ್ಯಾಕ್ಟರ್ ಬೇಕು. ದಿನ ಬಿಟ್ಟು ದಿನ ಬೆಳಗಿನ ಹಾಲು ಮುಗಿದ ಮೇಲೆ ಬೀದಿಯ ತುದಿಗೆ ಟ್ರೈಲರ್ ನಿಲ್ಲಿಸಿ. ಸದಸ್ಯರು ಮಂಕರಿಯಲ್ಲಿ ತಂದು ಹಾಕಲಿ. ಮೊದಮೊದಲು ದರ ಕೊಡಲು ಆಗದಿದ್ದರೆ ಬಾಡಿಗೆ ಗಿಟ್ಟಿದರೆ ಸಾಕು ಎಂದು ಶುರುಮಾಡಿ. ಪ್ಲಾಸ್ಟಿಕ್, ಕೃತಕ ಗರ್ಭಧಾರಣೆಯ ಕೊಳವೆ, ಸೂಜಿ ಬೆರೆತ ಸಗಣಿಯನ್ನು ಮಾತ್ರ ಬೇಡವೆನ್ನಿ. ಒಮ್ಮೆ ಅಂಥ ಗೊಬ್ಬರ ಹೋದರೆ ರೈತ ಮತ್ತೆ ಬರುವುದಿಲ್ಲ.

ಇದಕ್ಕೆ ಪುಸ್ತಕ ಒಂದು ಬೇಕು. ದೊಡ್ಡ ಪುಸ್ತಕವಲ್ಲ, ನಾಲ್ಕು ಕಲಂ: ಸದಸ್ಯರ ಸಂಖ್ಯೆ, ಕಟ್ಟಿರುವ ರಾಸು, ಸಗಣಿ ಎಲ್ಲಿಗೆ ಹೋಗುತ್ತದೆ (ಗುಂಡಿ, ಗ್ಯಾಸ್, ಟ್ರ್ಯಾಕ್ಟರ್, ಮೋರಿ), ಮೇವು ಎಲ್ಲಿಂದ ಬರುತ್ತದೆ. ಮೋರಿ ಎಂದು ಬರೆಯಲು ಯಾರೂ ನಾಚಬೇಕಿಲ್ಲ, ಸುಳ್ಳು ಬರೆದರೆ ಮಾತ್ರ ಪ್ರಯೋಜನವಿಲ್ಲ. ಮುಂದಿನ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಮೋರಿಯ ಕಲಂನಲ್ಲಿ ಎಷ್ಟು ರಾಸು ಇವೆ ಎಂದು ಕೂಡಿ ನೋಡಿ, ಟ್ರ್ಯಾಕ್ಟರ್ ಎಷ್ಟು ಸುತ್ತು ಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ನಾನು ಜಂತುನಾಶಕ ಶಿಬಿರಕ್ಕೆ ಬಂದಾಗ ಔಷಧಿಯ ಪೆಟ್ಟಿಗೆ ತೆಗೆಯುವ ಮೊದಲು ಆ ಪುಸ್ತಕ ಕೇಳುತ್ತೇನೆ. ಮೋರಿ ಮತ್ತು ಕೆರೆ ಮೇವು ಎರಡೂ ಇರುವ ಮನೆಗಳ ರಾಸಿನ ಸಗಣಿಯನ್ನು ಅಂದೇ ಪರೀಕ್ಷೆಗೆ ತೆಗೆದುಕೊಳ್ಳೋಣ.